ಕೆಂಪು ಚುಕ್ಕೆಯ ಪ್ರಯೋಗ: ಉತ್ತರ ಸರಿ, ವಿಧಾನ?

ಪ್ರಾಣಿವರ್ತನೆಯ ಪುಸ್ತಕಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಚಿತ್ರವೊಂದಿದೆ. ಹೆರಿಂಗ್ ಗಲ್ ಎಂಬ ಕಡಲ ಹಕ್ಕಿಯ ಹಳದಿ ಕೊಕ್ಕು, ಅದರ ಕೆಳಭಾಗದಲ್ಲಿ ಕೆಂಪು ಚುಕ್ಕೆ. ಮೊಟ್ಟೆಯೊಡೆದು ಬಂದ ಮರಿ ಈ ಚುಕ್ಕೆಯನ್ನು ಕುಕ್ಕುತ್ತದೆ. ಆಗ ದೊಡ್ಡ ಹಕ್ಕಿ ತಾನು ನುಂಗಿದ್ದನ್ನು ಕಕ್ಕಿ ಉಣಿಸುತ್ತದೆ. ಬೇರೆ ಬೇರೆ ಬಣ್ಣದ ಚುಕ್ಕೆಗಳಿದ್ದ ರಟ್ಟಿನ ಮಾದರಿಗಳನ್ನು ತೋರಿಸಿದಾಗ ಮರಿಗಳು ಕೆಂಪನ್ನೇ ಹೆಚ್ಚು ಕುಕ್ಕಿದವು ಎಂಬುದು ಪಾಠದ ಸಾರ. ಪ್ರಯೋಗ ನಡೆಸಿದವರು ನೆದರ್‌ಲೆಂಡ್ಸ್‌ನಲ್ಲಿ ಹುಟ್ಟಿದ ನಿಕೊ ಟಿನ್‌ಬರ್ಗೆನ್, 1973ರ ನೊಬೆಲ್ ಪಾರಿತೋಷಿಕ ಹಂಚಿಕೊಂಡ ಮೂವರಲ್ಲಿ ಒಬ್ಬರು.

ಆದರೆ 1947ರ ಆ ಪ್ರಯೋಗದಲ್ಲಿ ಮರಿಗಳು ಅತಿ ಹೆಚ್ಚು ಕುಕ್ಕಿದ್ದು ಕಪ್ಪು ಚುಕ್ಕೆಯನ್ನು!

ಇದಕ್ಕೆ ಕಾರಣ ಪ್ರಯೋಗದ ವಿನ್ಯಾಸದಲ್ಲಿತ್ತು. ಸಹಜವಾದ ಕೆಂಪು ಚುಕ್ಕೆಯ ಮಾದರಿಯನ್ನು ಅಳತೆಗೋಲಾಗಿ ಇಟ್ಟುಕೊಂಡು ಉಳಿದವನ್ನು ಅದರೊಡನೆ ಹೋಲಿಸಲಾಗಿತ್ತು. ಹೀಗಾಗಿ ಮರಿಗಳು ಕೆಂಪನ್ನು ಉಳಿದ ಬಣ್ಣಗಳಿಗಿಂತ ಹೆಚ್ಚು ಸಲ ನೋಡಿದವು. ರಟ್ಟನ್ನು ಎಷ್ಟು ಕುಕ್ಕಿದರೂ ಆಹಾರ ಸಿಗುವುದಿಲ್ಲ. ಮರಿಯ ಆಸಕ್ತಿ ಕುಗ್ಗುತ್ತದೆ. ಟಿನ್‌ಬರ್ಗೆನ್ ಇದನ್ನು ಊಹಿಸಿದರು. ಆದರೆ ಇಡೀ ಪ್ರಯೋಗವನ್ನು ಮತ್ತೆ ಮಾಡಲಿಲ್ಲ. ಚಿಕ್ಕದೊಂದು ಪೂರಕ ಪರೀಕ್ಷೆ ನಡೆಸಿ, ಅದರ ಆಧಾರದಿಂದ ಹಳೆಯ ಅಂಕಿಗಳನ್ನು ತಿದ್ದಿದರು. ಕೆಂಪು ಮೇಲಕ್ಕೇರಿತು. ಮೊದಲ ವರದಿಯಲ್ಲಿದ್ದ ಈ ತಿದ್ದುಪಡಿಯ ವಿವರ ನಂತರದ ಜನಪ್ರಿಯ ನಿರೂಪಣೆಗಳಲ್ಲಿ ಕಣ್ಮರೆಯಾಯಿತು.

2009ರಲ್ಲಿ ಲೈಡನ್ ವಿಶ್ವವಿದ್ಯಾನಿಲಯದ ಕಾರೆಲ್ ಟೆನ್ ಕಾಟೆ ಮತ್ತು ಸಂಗಡಿಗರು ಪ್ರಯೋಗವನ್ನು ಪುನಃ ನಡೆಸಿದರು. ದೋಷ ನಿವಾರಿಸಿದ ವಿನ್ಯಾಸದಲ್ಲಿ ಕೆಂಪಿಗೇ ಹೆಚ್ಚು ಕುಕ್ಕು ಸಿಕ್ಕಿತು. ಟಿನ್‌ಬರ್ಗೆನ್ ಅವರ ಊಹೆ ನಿಜವಾಗಿತ್ತು.

ಹಾಗಿದ್ದರೆ ಆಕ್ಷೇಪವೇಕೆ? ಉತ್ತರ ಸರಿಯಿದ್ದ ಮಾತ್ರಕ್ಕೆ ವಿಧಾನ ಸರಿಯಾಗುವುದಿಲ್ಲ. ಲೆಕ್ಕದಲ್ಲಿ ತಪ್ಪು ಹೆಜ್ಜೆಯಿಟ್ಟು ಸರಿ ಉತ್ತರ ಬರೆದ ವಿದ್ಯಾರ್ಥಿಗೆ ನಾವು ಪೂರ್ಣ ಅಂಕ ಕೊಡುತ್ತೇವೆಯೇ? ನಿರೀಕ್ಷಿಸಿದ ಫಲಿತಾಂಶ ಬಾರದಿದ್ದಾಗ ಮಾತ್ರ ದೋಷ ಹುಡುಕುವುದು ಅಪಾಯಕಾರಿ. ಮೊದಲ ಸಲವೇ ಕೆಂಪು ಗೆದ್ದಿದ್ದರೆ ಆ ವಿನ್ಯಾಸವನ್ನು ಯಾರು ಪ್ರಶ್ನಿಸುತ್ತಿದ್ದರು? ಪುಸ್ತಕಗಳು ಮಾಡಿದ ಅನ್ಯಾಯವೂ ಇದೇ: ಫಲಿತಾಂಶವನ್ನು ಉಳಿಸಿಕೊಂಡು ಅದಕ್ಕೆ ನಡೆದು ಬಂದ ದಾರಿಯನ್ನು ಅಳಿಸಿಹಾಕಿದವು.

ಇದೇ ಎಚ್ಚರವನ್ನು ಶಾಲೆಯ ಅಂಗಳದಲ್ಲಿಯೇ ಕಲಿಸಬಹುದು. ಗಾಢ ಮತ್ತು ತೆಳು ಸಕ್ಕರೆ ನೀರಿನಲ್ಲಿ ಇರುವೆಗಳು ಯಾವುದನ್ನು ಆಯುತ್ತವೆ ಎಂದು ನೋಡುವುದಾದರೆ, ಎರಡನ್ನೂ ಸಮಾನ ಸಲ ಇಡಬೇಕು. ಯಾವುದು ಎಡಕ್ಕೆ, ಯಾವುದು ಬಲಕ್ಕೆ ಎಂಬುದನ್ನು ಪ್ರತಿ ಸಲ ಚೀಟಿ ಎತ್ತಿ ನಿರ್ಧರಿಸಬೇಕು. ಸೀಸೆಗಳಿಗೆ ಸಂಖ್ಯೆ ಮಾತ್ರ ಹಾಕಿದರೆ ಎಣಿಸುವವರಿಗೆ ಯಾವುದು ಯಾವುದೆಂದು ತಿಳಿಯದು. ಮೊದಲ ಇರುವೆ ಬಿಟ್ಟ ವಾಸನೆಯ ಜಾಡನ್ನೇ ಉಳಿದವು ಹಿಡಿಯುವುದರಿಂದ, ಒಂದೇ ಸಾಲಿನ 50 ಇರುವೆಗಳು 50 ಸ್ವತಂತ್ರ ಆಯ್ಕೆಗಳಲ್ಲ. ಹಾಗಾಗಿ ಹಾಸುವ ಕಾಗದವನ್ನು ಪ್ರತಿ ಸಲ ಬದಲಿಸಬೇಕು, ಹಲವು ಗೂಡುಗಳಲ್ಲಿ ಪ್ರಯೋಗ ನಡೆಸಬೇಕು.

ಕೆಂಪು ಚುಕ್ಕೆಯ ಪಾಠವನ್ನು ಕೈಬಿಡಬೇಕಾಗಿಲ್ಲ. ಕಪ್ಪು ಚುಕ್ಕೆಯ ಕಥೆಯನ್ನೂ ಸೇರಿಸಿ ಹೇಳಿದರೆ, ಪ್ರಯೋಗವೆಂದರೇನೆಂದು ವಿದ್ಯಾರ್ಥಿಗೆ ಅದರಿಂದಲೇ ಹೆಚ್ಚು ತಿಳಿಯುತ್ತದೆ.