‘ಸಣ್ಣ’ ಸಾಹಿತ್ಯ, ‘ಮಿನ್ಯರ್’ ಸಾಹಿತ್ಯ: ಕಂಬಂ ಕಣಿವೆಯಿಂದ ಕಾಣುವ ಫ್ರೆಂಚ್ ಅಧ್ಯಯನ

ತಮಿಳುನಾಡಿನ ಕಲಾ ಮತ್ತು ವಿಜ್ಞಾನ ಕಾಲೇಜುಗಳ ಪದವಿ ವ್ಯಾಸಂಗದಲ್ಲಿ ಭಾಗ-1 ಭಾಷೆಗೆ ಮೀಸಲು. ತಮಿಳನ್ನಾಗಲಿ, ಅದಕ್ಕೆ ಬದಲಾಗಿ ಕಾಲೇಜು ಒದಗಿಸುವ ಇನ್ನೊಂದು ಭಾಷೆಯನ್ನಾಗಲಿ ವಿದ್ಯಾರ್ಥಿ ಆರಿಸಿಕೊಳ್ಳಬೇಕು. ಭಾಗ-2 ಇಂಗ್ಲಿಷಿನದು. ನಗರಗಳ ಹಲವು ಕಾಲೇಜುಗಳಲ್ಲಿ ಆ ‘ಇನ್ನೊಂದು ಭಾಷೆ’ಯ ಸ್ಥಾನ ಫ್ರೆಂಚಿಗೆ ಸಂದಿದೆ. ತೇನಿ ಜಿಲ್ಲೆಯ ಕಂಬಂ ಕಣಿವೆಯ ಕಾಪ್ಪಿಲಿಯರ ಮನೆಯಿಂದಲೋ ದಿಂಡಿಗಲ್ ಕಡೆಯ ಅನುಪ್ಪರ ಮನೆಯಿಂದಲೋ ಮದುರೆಗೆ ಓದಲು ಬಂದ ವಿದ್ಯಾರ್ಥಿನಿಯೊಬ್ಬಳು ಫ್ರೆಂಚನ್ನು ಆರಿಸಿಕೊಂಡಳೆಂದು ಭಾವಿಸಬಹುದು. ಅವಳ ಮನೆಮಾತು ಕನ್ನಡ. ಶಾಲೆಯ, ಸಂತೆಯ ಮಾತು ತಮಿಳು. ಉದ್ಯೋಗದ ನಿರೀಕ್ಷೆ ಇಂಗ್ಲಿಷಿನಲ್ಲಿದೆ. ಫ್ರೆಂಚ್ ಅವಳ ನಾಲ್ಕನೆಯ ಭಾಷೆ. ಈ ನಾಲ್ಕರಲ್ಲಿ ಅವಳು ಬರೆಯಲು ಕಲಿಯದೆ ಉಳಿಯುವುದು ಮನೆಮಾತೊಂದೇ. ನಾಲ್ಕನೆಯ ಭಾಷೆಯ ಅಧ್ಯಯನದಿಂದ ಮೊದಲನೆಯದಕ್ಕೆ ಏನಾದರೂ ದಕ್ಕೀತೆ ಎಂಬ ಪ್ರಶ್ನೆಯನ್ನು ತೌಲನಿಕ ಸಾಹಿತ್ಯದ ವಿದ್ವಾಂಸರು ಬದಿಗಿಡುವಂತಿಲ್ಲ.

ಫ್ರೆಂಚ್ ಅಧ್ಯಯನವನ್ನು ಭಾಷೆ, ಸಾಹಿತ್ಯ, ಸಂಸ್ಕೃತಿ ಎಂದು ಮೂರಾಗಿ ವಿಂಗಡಿಸುವುದು ರೂಢಿ. ಈ ಮೂರೂ ಒಂದೇ ದೇಶ, ಒಂದೇ ಭಾಷೆ ಎಂಬ ಚಿತ್ರವನ್ನು ಮುಂದಿಡುವ ಅಪಾಯವಿದೆ. ಆ ಚಿತ್ರ ಸಿದ್ಧವಾದ ಬಗೆಯೇ ಪಾಠವಾಗಬೇಕಿತ್ತು. 1794ರ ಜೂನ್‌ನಲ್ಲಿ ಅಬೆ ಗ್ರೆಗ್ವಾರ್ ಕ್ರಾಂತಿಕಾರಿ ಸಭೆಗೆ ಒಪ್ಪಿಸಿದ ವರದಿಯ ಶೀರ್ಷಿಕೆಯಲ್ಲಿಯೇ ‘ಪತ್ವಾ’ಗಳನ್ನು ನಿರ್ಮೂಲಗೊಳಿಸುವ ಮಾತಿದೆ. ಕನಿಷ್ಠ 60 ಲಕ್ಷ ಪ್ರಜೆಗಳಿಗೆ ರಾಷ್ಟ್ರಭಾಷೆ ತಿಳಿಯದು, ಅದನ್ನು ಸರಿಯಾಗಿ ಮಾತನಾಡಬಲ್ಲವರು 30 ಲಕ್ಷ ಮೀರರು ಎಂಬುದು ಅವನ ಅಂದಾಜು. ಬ್ರೆಟನ್, ಬಾಸ್ಕ್, ಕ್ಯಾಟಲನ್, ಆಕ್ಸಿಟನ್ ಭಾಷೆಗಳಿಗೆ ಶಾಲೆಯೊಳಗೆ ಸೀಮಿತ ಅವಕಾಶ ದೊರೆತದ್ದು 1951ರ ದೆಕ್ಸೋನ್ ಕಾನೂನಿನಿಂದ. ಅದಕ್ಕೂ ಅರ್ಧ ಶತಮಾನ ಮೊದಲು, 1904ರಲ್ಲಿ, ಪ್ರೊವಾನ್ಸಾಲ್‌ನಲ್ಲಿ ಬರೆದ ಫ್ರೆದೆರಿಕ್ ಮಿಸ್ತ್ರಾಲ್‌ಗೆ ನೊಬೆಲ್ ಪಾರಿತೋಷಕ ಸಂದಿತ್ತು. ಗಣರಾಜ್ಯದ ಭಾಷೆ ಫ್ರೆಂಚ್ ಎಂದು ಸಂವಿಧಾನ ಸಾರಿದ್ದು 1992ರಲ್ಲಿ. ಪ್ರಾದೇಶಿಕ ಭಾಷೆಗಳು ದೇಶದ ಪರಂಪರೆಗೆ ಸೇರಿದವೆಂದು ಅದೇ ಸಂವಿಧಾನ ಒಪ್ಪಿದ್ದು 2008ರಲ್ಲಿ. ಮನೆಯ ಕನ್ನಡವನ್ನು ‘ಕಲಬೆರಕೆ ಮಾತು’ ಎಂದು ಕೇಳುತ್ತ ಬೆಳೆದವಳಿಗೆ ‘ಪತ್ವಾ’ ಎಂಬ ಪದದ ಚರಿತ್ರೆ ಪರಕೀಯವಾಗಲಾರದು. ಒಂದು ಮಾತನ್ನು ಭಾಷೆಯೆಂದೂ ಇನ್ನೊಂದನ್ನು ಆಡುನುಡಿಯೆಂದೂ ಕರೆಯುವ ಅಧಿಕಾರ ವ್ಯಾಕರಣದ್ದಲ್ಲ, ಪ್ರಭುತ್ವದ್ದು ಎಂಬುದನ್ನು ಅವಳು ಪಠ್ಯದಿಂದಲೇ ಅರಿಯಬಲ್ಲಳು.

ಅಲ್ಪಸಂಖ್ಯಾತ ಭಾಷೆಗಳ ಚರ್ಚೆಯಲ್ಲಿ ಪದೇ ಪದೇ ಉಲ್ಲೇಖಗೊಳ್ಳುವ ಫ್ರೆಂಚ್ ಕೃತಿ ಜಿಲ್ ದೆಲ್ಯೂಜ್ ಮತ್ತು ಫೆಲಿಕ್ಸ್ ಗತ್ತಾರಿ 1975ರಲ್ಲಿ ಪ್ರಕಟಿಸಿದ ಕಾಫ್ಕಾ ಕುರಿತ ಪುಸ್ತಕ. ಡಾನಾ ಪೋಲನ್ 1986ರಲ್ಲಿ ಮಾಡಿದ ಇಂಗ್ಲಿಷ್ ಅನುವಾದದ ಮೂಲಕವೇ ಅದರ ‘ಮೈನರ್ ಸಾಹಿತ್ಯ’ದ ಪರಿಕಲ್ಪನೆ ಇಂಗ್ಲಿಷ್ ಬಲ್ಲ ವಿಮರ್ಶಕರನ್ನು ವ್ಯಾಪಕವಾಗಿ ತಲುಪಿತು. ಹೆಸರನ್ನಷ್ಟೇ ಕೇಳಿದವರು ಅದನ್ನು ಚಿಕ್ಕ ಭಾಷೆಯೊಂದರ ಸಾಹಿತ್ಯವೆಂದು ತಿಳಿಯುವುದು ಸಹಜ. ಕೃತಿಕಾರರ ವಿವರಣೆ ಇದಕ್ಕೆ ವಿರುದ್ಧವಾಗಿದೆ: ಅಲ್ಪಸಂಖ್ಯಾತರು ದೊಡ್ಡ ಭಾಷೆಯೊಂದರ ಒಳಗೆ ನಿರ್ಮಿಸುವ ಸಾಹಿತ್ಯವೇ ‘ಮಿನ್ಯರ್’. ಪ್ರಾಗ್ ನಗರದ ಯಹೂದಿಯಾದ ಕಾಫ್ಕಾ ಜರ್ಮನ್‌ನಲ್ಲಿ ಬರೆದದ್ದು ಇದರ ಮಾದರಿ.

ಕಾಫ್ಕಾ 1911ರ ಡಿಸೆಂಬರ್ 25ರ ದಿನಚರಿಯಲ್ಲಿ ಯೋಚಿಸಿದ್ದು ಬೇರೆಯದನ್ನೇ. ವಾರ್ಸಾದ ಯಿದ್ದಿಶ್ ಸಾಹಿತ್ಯವನ್ನೂ ಚೆಕ್ ಸಾಹಿತ್ಯವನ್ನೂ ಮನಸ್ಸಿನಲ್ಲಿಟ್ಟುಕೊಂಡು ಅವನು ಬಳಸಿದ ವಿಶೇಷಣ ‘ಕ್ಲೈನ್’, ಎಂದರೆ ಸಣ್ಣ. ಸಣ್ಣ ಜನಸಮುದಾಯ ತನ್ನದೇ ಭಾಷೆಯಲ್ಲಿ ಕಟ್ಟಿಕೊಳ್ಳುವ ಸಾಹಿತ್ಯ ಅವನ ವಸ್ತು. ಮಾರ್ತ್ ರೋಬೇರ್ ಅವರ ಫ್ರೆಂಚ್ ಅನುವಾದದಲ್ಲಿ ‘ಸಣ್ಣ’ ಎಂಬುದು ‘ಮಿನ್ಯರ್’ ಆಯಿತು. ಆ ಪದದ ಮೇಲೆ ಸಿದ್ಧಾಂತ ನಿಂತಿತು. ಪಾಸ್ಕಾಲ್ ಕಸನೋವಾ 1999ರ ತಮ್ಮ ಕೃತಿಯಲ್ಲಿ ಈ ಪಲ್ಲಟವನ್ನು ಆಕ್ಷೇಪಿಸಿ ‘ಸಣ್ಣ ಸಾಹಿತ್ಯ’ಗಳ ಪ್ರಶ್ನೆಯನ್ನು ಮತ್ತೆ ಮುಂದಕ್ಕೆ ತಂದರು. ಜರ್ಮನ್‌ನಿಂದ ಫ್ರೆಂಚಿಗೆ, ಫ್ರೆಂಚಿನಿಂದ ಇಂಗ್ಲಿಷಿಗೆ, ಅಲ್ಲಿಂದ ಕನ್ನಡ ವಿಮರ್ಶೆಗೆ ಬರುವಷ್ಟರಲ್ಲಿ ಎರಡು ಭಿನ್ನ ಪ್ರಶ್ನೆಗಳು ಒಂದೇ ಹೆಸರಿನಡಿ ಬೆರೆತುಹೋಗುತ್ತವೆ. ಮೂಲದ ಪದವನ್ನು ಹಿಡಿದು ಹಿಂದಕ್ಕೆ ನಡೆಯಬಲ್ಲ ಓದುಗರು ಮಾತ್ರ ಇದನ್ನು ಬಿಡಿಸಬಲ್ಲರು. ವಿಶ್ವವಿದ್ಯಾಲಯದಲ್ಲಿ ಫ್ರೆಂಚ್ ಕಲಿಸುವುದಕ್ಕೆ ಇದಕ್ಕಿಂತ ಗಟ್ಟಿಯಾದ ಸಮರ್ಥನೆ ಬೇಕಿಲ್ಲ.

ಕಂಬಂ ಕಣಿವೆಯಲ್ಲಿ ಈ ವ್ಯತ್ಯಾಸ ಕೇವಲ ಪಾರಿಭಾಷಿಕವಾಗಿ ಉಳಿಯುವುದಿಲ್ಲ. ಕಾಪ್ಪಿಲಿಯ ಯುವಕನೊಬ್ಬ ತಮಿಳಿನಲ್ಲಿ ಕಾದಂಬರಿ ಬರೆದರೆ ದೆಲ್ಯೂಜ್–ಗತ್ತಾರಿಯ ಅರ್ಥದಲ್ಲಿ ಅದು ‘ಮಿನ್ಯರ್’ ಎನಿಸಿಕೊಂಡೀತು, ವಿಮರ್ಶೆಯ ಮನ್ನಣೆಗೂ ಪಾತ್ರವಾದೀತು. ಬರವಣಿಗೆಗೆ ಇಳಿಯದ ಮನೆಯ ಕನ್ನಡ ಆ ಸಿದ್ಧಾಂತದ ಕಣ್ಣಿಗೆ ಬೀಳುವುದೇ ಇಲ್ಲ. ಕಾಫ್ಕಾನ ‘ಸಣ್ಣ’ ಎಂಬ ಪದವನ್ನು ಹಿಡಿದರೆ ಹಾಡು, ಒಗಟು, ವಲಸೆಯ ಕಥನಗಳ ಕಡೆಗೆ ನೋಡಲೇಬೇಕಾಗುತ್ತದೆ. ಕಂಬಂನ ನಂದಗೋಪಾಲಸ್ವಾಮಿಗೆ ಮುಡಿಪಾದ ಕಾಪ್ಪಿಲಿಯರ ದನಗಳ ಮಂದೆಯನ್ನು 1906ರ ಮದುರಾ ಜಿಲ್ಲಾ ಗೆಜೆಟಿಯರ್‌ನಲ್ಲಿ ಡಬ್ಲ್ಯು. ಫ್ರಾನ್ಸಿಸ್ ವರ್ಣಿಸಿದ್ದಾರೆ. ಕನ್ನಡ ಮಾತನಾಡುವವರ ಆ ಮಂದೆಗೆ ‘ತಂಬಿರಾನ್ ಮಾಡು’ ಎಂಬ ತಮಿಳು ಹೆಸರೂ ಇದೆ. (ತಮಿಳಿನ ‘ಮಾಡು’ ಎಂದರೆ ದನ.) ಮಂದೆಯ ಸುತ್ತ ಮನೆಯೊಳಗೆ ಬಳಕೆಯಾಗುವ ಕನ್ನಡ ಪದಗಳನ್ನು ಕೇಳಿ ಬರೆದಿಡುವ ಕೆಲಸ ‘ಸಣ್ಣ’ ಸಾಹಿತ್ಯದ ಕೆಲಸ. ಸಿದ್ಧಾಂತದ ಆಯ್ಕೆಯೊಡನೆ ಸಂಶೋಧಕರು ಯಾರ ಮನೆಯ ಬಾಗಿಲಿಗೆ ಹೋಗುತ್ತಾರೆಂಬುದೂ ನಿಶ್ಚಯವಾಗಿಬಿಡುತ್ತದೆ.

ಈ ನೆಲವನ್ನು ಕುರಿತೇ ಬರೆದ ಫ್ರೆಂಚ್ ಗದ್ಯವೂ ಇದೆ. ಕಣಿವೆಗೆ ಸಮೀಪದ ಉಸಿಲಂಪಟ್ಟಿ ಸೀಮೆಯ ಪಿರಮಲೈ ಕಳ್ಳರ್ ಸಮುದಾಯದ ನಡುವೆ ಕ್ಷೇತ್ರಕಾರ್ಯ ಮಾಡಿದ ಲೂಯಿ ದ್ಯೂಮೊನ್ 1957ರಲ್ಲಿ ಪ್ಯಾರಿಸ್‌ನಿಂದ ಪ್ರಕಟಿಸಿದ ಬೃಹತ್ ಗ್ರಂಥವದು. ಅದರ ಇಂಗ್ಲಿಷ್ ಅನುವಾದ ಬಂದದ್ದು 1986ರಲ್ಲಿ. ಮಾನವಶಾಸ್ತ್ರದ ಕೃತಿ ಎಂಬ ಕಾರಣಕ್ಕೆ ಅದನ್ನು ಸಾಹಿತ್ಯ ವಿಭಾಗದಿಂದ ಹೊರಗಿಡುವುದು ಸುಲಭ. ಆದರೆ ಮೊದಲ ವರ್ಷದ ಫ್ರೆಂಚ್ ತರಗತಿಯ ಬಂಧುವಾಚಕ ಪದಗಳ ಪಾಠಕ್ಕೆ ಅದಕ್ಕಿಂತ ಉತ್ತಮ ಟಿಪ್ಪಣಿ ಸಿಗಲಾರದು. ‘ಒಂಕ್ಲ್’ ಎಂಬ ಪದ ಚಿಕ್ಕಪ್ಪನನ್ನೂ ಸೋದರಮಾವನನ್ನೂ ಒಂದಾಗಿಸುತ್ತದೆ. ಹೆಂಡತಿಯ ಅಥವಾ ಗಂಡನ ತಂದೆಗೆ ಅಲ್ಲಿ ಬೇರೆ ಪದವಿದೆ. ಕನ್ನಡದಲ್ಲಿ ಚಿಕ್ಕಪ್ಪ ತಂದೆಯ ಸಾಲಿನವನು. ‘ಮಾವ’ ತಾಯಿಯ ಸೋದರನೂ ಹೌದು, ಕೊಟ್ಟುಕೊಂಡ ಸಂಬಂಧದ ಹಿರಿಯನೂ ಹೌದು. ದ್ರಾವಿಡ ಬಂಧುತ್ವದಲ್ಲಿ ರಕ್ತಸಂಬಂಧಕ್ಕೆ ಎದುರಾಗಿ ವಿವಾಹಸಂಬಂಧವೇ ತಲೆಮಾರಿನಿಂದ ತಲೆಮಾರಿಗೆ ಮುಂದುವರಿಯುತ್ತದೆ ಎಂಬುದು ದ್ಯೂಮೊನ್ ಅವರ ಪ್ರಸಿದ್ಧ ಪ್ರತಿಪಾದನೆ. ಫ್ರೆಂಚ್ ಓದುಗರಿಗೆ ಅವರು ಬಹು ಶ್ರಮದಿಂದ ತಿಳಿಸಿದ್ದನ್ನು ಕಣಿವೆಯ ಕನ್ನಡ ಮನೆಯ ಮಗು ಮಾವನನ್ನು ಕೂಗುವಾಗಲೇ ಬಲ್ಲದು. ತರಗತಿಯಲ್ಲಿ ಮನೆಮಾತಿಗೆ ಪ್ರವೇಶವಿಲ್ಲದಿದ್ದರೆ ಆ ಅರಿವು ಅರಿವೆಂದು ಗುರುತಾಗದೆಯೇ ಉಳಿಯುತ್ತದೆ.

ವಾರದ ಕೆಲವೇ ಗಂಟೆಗಳಲ್ಲಿ ಕ್ರಿಯಾಪದಗಳ ರೂಪಗಳನ್ನು ಕಲಿಸುವುದೇ ಕಷ್ಟ, ಅಂಕಗಳಿಗಾಗಿ ಬಂದವರ ಮುಂದೆ ಇಷ್ಟೆಲ್ಲ ಹೇಳುವುದು ಹೇಗೆ ಎಂದು ಅಧ್ಯಾಪಕರು ಕೇಳಬಹುದು. ಆ ತೊಡಕು ನಿಜ. ಆದರೂ ಮೇಲಿನ ಯಾವುದಕ್ಕೂ ಹೊಸ ವಿಭಾಗವಾಗಲಿ ಅನುದಾನವಾಗಲಿ ಬೇಕಿಲ್ಲ. ಬಂಧುವಾಚಕಗಳ ಪಾಠದ ದಿನ, ಮನೆಯಲ್ಲಿ ಇವರನ್ನು ಏನೆಂದು ಕರೆಯುತ್ತೀರಿ ಎಂದು ಕೇಳಿ, ಬಂದ ಉತ್ತರಗಳನ್ನು ತಮಿಳು, ಕನ್ನಡ, ತೆಲುಗು ಎನ್ನದೆ ಕರಿಹಲಗೆಯ ಮೇಲೆ ಬರೆದರೆ ಸಾಕು. ಕಾಪ್ಪಿಲಿಯ ಹುಡುಗಿ ತನ್ನ ಮನೆಯ ಪದವೊಂದನ್ನು ಕಾಲೇಜಿನ ಗೋಡೆಯ ಮೇಲೆ ಬರವಣಿಗೆಯಲ್ಲಿ ಕಾಣುವುದು ಬಹುಶಃ ಅದೇ ಮೊದಲಾದೀತು.