ಪರದೆಯ ಆಚೆಗಿನ ಊರು

ಸಾಮರ್ಸೆಟ್ ಮಾಮ್ ಬರೆದ 'ದಿ ಪೇಂಟೆಡ್ ವೇಲ್' ಕಾದಂಬರಿ 1925ರಲ್ಲಿ ಪ್ರಕಟವಾದದ್ದು. ಬಿ.ಎ. ಓದುವಾಗ ನಾವು ಗೆಳತಿಯರು ಅದನ್ನು ದಾರಿತಪ್ಪಿದ ಹೆಂಡತಿಯೊಬ್ಬಳ ಕಥೆಯೆಂದು ಕೈಯಿಂದ ಕೈಗೆ ದಾಟಿಸಿ ಓದಿದ್ದೆವು. 2020ರಲ್ಲಿ ಶಾಲೆಗೆ ಬೀಗ ಬಿದ್ದಿದ್ದಾಗ ಮತ್ತೆ ತೆಗೆದು ಓದಿದೆ. ಈ ಸಲ ಕಣ್ಣಿಗೆ ಬಿದ್ದವರು ಕಥೆಯ ನಡುವೆ ಬರುವ ಫ್ರೆಂಚ್ ಕ್ರೈಸ್ತ ಸನ್ಯಾಸಿನಿಯರು. ತಾಯ್ನಾಡು ಬಿಟ್ಟು, ಮತ್ತೆ ಮರಳುವುದಿಲ್ಲವೆಂದು ತಿಳಿದೇ ಚೀನಾಕ್ಕೆ ಬಂದವರು. ಕಾಲರಾ ಬಂದರೂ ಊರು ಬಿಡದವರು.

ಕಥೆ ಗೊತ್ತಿಲ್ಲದವರಿಗಾಗಿ ಎರಡು ಮಾತು. ಕಿಟ್ಟಿ ಲಂಡನ್ನಿನ ಚೆಲುವೆ. ತಂಗಿಗೆ ತನಗಿಂತ ಮೊದಲು ಮದುವೆ ಗೊತ್ತಾಯಿತೆಂಬ ಗಾಬರಿಯಲ್ಲಿ (ಈ ಗಾಬರಿ ಇಂಗ್ಲೆಂಡಿನವರಿಗೆ ಮಾತ್ರ ಮೀಸಲಲ್ಲವೆಂದು ನಿಮಗೇನೂ ಹೇಳಬೇಕಾಗಿಲ್ಲ) ವಾಲ್ಟರ್ ಎಂಬ ಸೂಕ್ಷ್ಮಾಣು ವಿಜ್ಞಾನಿಯನ್ನು ಮದುವೆಯಾಗಿ ಹಾಂಗ್‌ಕಾಂಗಿಗೆ ಬರುತ್ತಾಳೆ. ಅಲ್ಲಿ ಟೌನ್‌ಸೆಂಡ್ ಎಂಬ ಅಧಿಕಾರಿಯ ಮೋಹಕ್ಕೆ ಬೀಳುತ್ತಾಳೆ. ವಿಷಯ ತಿಳಿದ ಗಂಡ ಕೂಗಾಡುವುದಿಲ್ಲ. ಕಾಲರಾ ಹಬ್ಬಿದ ಮೆಯ್-ತಾನ್-ಫು ಎಂಬ ಒಳನಾಡಿನ ಊರಿಗೆ ತಾನೇ ಮುಂದಾಗಿ ಹೊರಟು, ಅವಳನ್ನೂ ಜೊತೆಗೆ ಎಳೆದೊಯ್ಯುತ್ತಾನೆ. ಅವರು ಇಳಿದುಕೊಳ್ಳುವುದು ಅದೇ ಕಾಯಿಲೆಯಿಂದ ಸತ್ತ ಪಾದ್ರಿಯೊಬ್ಬನ ಬಂಗಲೆಯಲ್ಲಿ.

ಮಾಮ್ ಸ್ವತಃ ವೈದ್ಯಶಿಕ್ಷಣ ಪಡೆದವನು, 1919-20ರಲ್ಲಿ ಚೀನಾ ಸುತ್ತಿದವನು. 1899ರಲ್ಲಿ ಶುರುವಾದ ಕಾಲರಾದ ಆರನೆಯ ಮಹಾಮಾರಿ ಆಗಿನ್ನೂ ಪೂರ್ತಿ ಅಡಗಿರಲಿಲ್ಲ. ಅಂಥವನ ಪುಸ್ತಕದಲ್ಲಿ ಕಾಯಿಲೆಯೇ ಹೆಚ್ಚಾಗಿ ತೆರೆಯ ಹಿಂದೆ ಉಳಿದಿರುವುದು ವಿಚಿತ್ರ. ಕಿಟ್ಟಿ ಕಾನ್ವೆಂಟಿನಲ್ಲಿ ಕೆಲಸಕ್ಕೆ ಸೇರಿದರೂ ರೋಗಿಗಳ ಕೋಣೆಗೆ ಹೋಗುವುದಿಲ್ಲ. ಸಿಸ್ಟರುಗಳೆಲ್ಲ ರೋಗಿಗಳ ಕಡೆ ಓಡಿದ್ದರಿಂದ ಅನಾಥ ಹೆಣ್ಣುಮಕ್ಕಳನ್ನು ನೋಡಿಕೊಳ್ಳುವುದು, ಹೊಲಿಗೆ ಹೇಳಿಕೊಡುವುದು ಅವಳ ಪಾಲಿಗೆ ಬರುತ್ತದೆ. ಕಾಲರಾದಲ್ಲಿ ಮನುಷ್ಯ ಸಾಯುವುದು ಮೈಯ ನೀರೆಲ್ಲ ಹರಿದುಹೋಗಿ. ಈಗ ನಾವು ಮಕ್ಕಳಿಗೆ ಕಲಸಿಕೊಡುವ ಉಪ್ಪು-ಸಕ್ಕರೆಯ ನೀರಿನ ಶಕ್ತಿ ಲೋಕಕ್ಕೆ ಮನದಟ್ಟಾದದ್ದು 1971ರಲ್ಲಿ, ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬಿಸ್ ಅದನ್ನು ಬಳಸಿದ ಮೇಲೆ. ಅದಿಲ್ಲದ ಕಾಲದಲ್ಲಿ ಆ ಸಿಸ್ಟರುಗಳು ದಿನವಿಡೀ ಏನು ಮಾಡುತ್ತಿದ್ದರು? ಹಾಸಿಗೆ ಯಾರು ಒಗೆಯುತ್ತಿದ್ದರು? ಹೆಂಗಸರಾದ ನಮಗೆ ಮೊದಲು ಹೊಳೆಯುವ ಈ ಪ್ರಶ್ನೆಗಳಿಗೆ ಪುಸ್ತಕ ಬಾಯಿ ಬಿಡುವುದಿಲ್ಲ.

ಆದರೆ ಸೇವೆಯೆಂಬುದು ಸೇವೆ ಮಾಡುವವರಿಗೆ ಏನು ಮಾಡುತ್ತದೆ ಎನ್ನುವುದರಲ್ಲಿ ಮಾಮ್ ಗಟ್ಟಿಗ. ಕಿಟ್ಟಿ ಅಲ್ಲಿಗೆ ಹೋದದ್ದು ಕರುಣೆಯಿಂದಲ್ಲ, ಖಾಲಿ ಮನೆಯಲ್ಲಿ ಕೂರಲಾರದೆ. ಮಕ್ಕಳ ಗಲಾಟೆಯ ನಡುವೆ ಅವಳ ದುಃಖ ಸಣ್ಣದಾಗುತ್ತದೆ. ಮೊದಮೊದಲು ಮನುಷ್ಯರಂತೆಯೇ ಕಾಣದಿದ್ದ ಆ ಮಕ್ಕಳು ಅವಳ ಕೈಗೆ ಜೋತುಬೀಳುತ್ತಾರೆ. ಇಲ್ಲಿ ಬೇರೆ ಲೇಖಕನಾಗಿದ್ದರೆ ಅವಳನ್ನು ಪುನೀತಳನ್ನಾಗಿ ಮಾಡಿ ಕೈತೊಳೆದುಕೊಳ್ಳುತ್ತಿದ್ದ. ಮಾಮ್ ಹಾಗೆ ಮಾಡುವುದಿಲ್ಲ. ಗಂಡ ಕಾಲರಾದಿಂದ ಸತ್ತ ಮೇಲೆ ಕಾನ್ವೆಂಟಿನಲ್ಲೇ ಇರುತ್ತೇನೆಂದು ಕಿಟ್ಟಿ ಬೇಡಿದರೆ ಮದರ್ ಸುಪೀರಿಯರ್ ಒಪ್ಪುವುದಿಲ್ಲ. ಮೃದುವಾಗಿಯೇ ಬೀಳ್ಕೊಡುತ್ತಾಳೆ, ಬಾಗಿಲು ಮುಚ್ಚುತ್ತದೆ. ಹಾಂಗ್‌ಕಾಂಗಿಗೆ ಮರಳಿದ ಕಿಟ್ಟಿ ಅದೇ ಟೌನ್‌ಸೆಂಡನ ತೋಳಿಗೆ ಇನ್ನೊಮ್ಮೆ ಬೀಳುತ್ತಾಳೆ. ಓದುವಾಗ ಸಿಟ್ಟು ಬರುತ್ತದೆ. ಆದರೂ ಇದು ಸುಳ್ಳಲ್ಲ. ಕೆಲವು ವಾರ ಮಕ್ಕಳ ಮೂಗು ಒರೆಸಿದ ಮಾತ್ರಕ್ಕೆ ಯಾರ ಸ್ವಭಾವವೂ ತೊಳೆದುಹೋಗುವುದಿಲ್ಲ. ಹೊರಗಿನಿಂದ ಬಂದು ಹೋಗುವವಳಿಗೂ ಇದ್ದು ಸಾಯಲು ಬಂದವರಿಗೂ ನಡುವೆ ಎಷ್ಟು ಅಂತರವಿದೆಯೆಂದು ಆ ಬಾಗಿಲೇ ಹೇಳುತ್ತದೆ.

ಜಾನ್ ಕರನ್ 2006ರಲ್ಲಿ ತೆಗೆದ ಸಿನಿಮಾವನ್ನು ಎಷ್ಟೋ ಜನ ಕಾದಂಬರಿಗಿಂತ ಮೆಚ್ಚುತ್ತಾರೆ. ನವೋಮಿ ವಾಟ್ಸ್ ಕಿಟ್ಟಿಯಾಗಿ, ಎಡ್ವರ್ಡ್ ನಾರ್ಟನ್ ವಾಲ್ಟರ್ ಆಗಿ, ಡಯಾನಾ ರಿಗ್ ಮದರ್ ಸುಪೀರಿಯರ್ ಆಗಿ ನಟಿಸಿದ್ದಾರೆ. ಮಾಮ್ ಬಿಟ್ಟದ್ದನ್ನು ಸಿನಿಮಾ ತೋರಿಸುತ್ತದೆ: ಕೆಟ್ಟ ಬಾವಿಯನ್ನು ಮುಚ್ಚಿಸುವುದು, ಬಿದಿರಿನ ಚಕ್ರ ಕಟ್ಟಿ ಹೊಳೆಯ ನೀರು ತರುವುದು, ಪರದೇಶಿಗಳ ಮೇಲೆ ಚೀನೀಯರಿಗಿದ್ದ ಕೋಪ. ಅನಾಥಾಲಯದ ಮಕ್ಕಳು ಹೇಗೆ ಬರುತ್ತಾರೆಂಬ ಚುರುಕಾದ ಪ್ರಶ್ನೆಯನ್ನೂ ವಾಲ್ಟರನ ಬಾಯಲ್ಲಿ ಕೇಳಿಸುತ್ತದೆ. ಹುಡುಗಿಯರನ್ನು ತಂದೊಪ್ಪಿಸಿದವರಿಗೆ ಕಾನ್ವೆಂಟು ಚಿಲ್ಲರೆ ಕಾಸು ಕೊಡುವ ಸಂಗತಿ ಕಾದಂಬರಿಯಲ್ಲೂ ಇದೆ. ಬಿಸಾಡದೆ ತರಲಿ ಎನ್ನುವುದು ಅದರ ಹಿಂದಿನ ಲೆಕ್ಕ. ಇದು ದಯೆಯೋ, ಮಕ್ಕಳನ್ನು ತಮ್ಮ ಧರ್ಮಕ್ಕೆ ಸೇರಿಸುವ ದಾರಿಯೋ? ಎರಡೂ ಹೌದು ಎಂದೇ ನನ್ನ ಅಭಿಪ್ರಾಯ. ಎರಡೂ ಆಗಿದ್ದರಿಂದಲೇ ಆ ಹೆಂಗಸರು ಸಾವಿಗೆ ಹೆದರದೆ ನಿಂತರು.

ಸಿನಿಮಾ ಸೋಲುವುದು ಗಂಡಹೆಂಡಿರನ್ನು ರಾಜಿ ಮಾಡಿಸುವಲ್ಲಿ. ಊರೆಲ್ಲ ಸಾಯುತ್ತಿರುವಾಗ ಅವರಿಬ್ಬರ ಪ್ರೇಮ ಅರಳುತ್ತದೆ. ನೋಡಲು ಚೆಂದ, ನಂಬಲು ಕಷ್ಟ. ಕಾದಂಬರಿಯ ವಾಲ್ಟರ್ ಸಾಯುವಾಗಲೂ ಕ್ಷಮಿಸಿದೆನೆನ್ನುವುದಿಲ್ಲ.

ಮೂವತ್ತು ವರ್ಷ ಹಾಜರಿ ಕೂಗಿದ ನನಗೆ ಎರಡರಲ್ಲೂ ಕೊರೆಯುವುದು ಮತ್ತೊಂದು. ಆ ಅನಾಥಾಲಯದಲ್ಲಿ ಹೆಸರು ಹಿಡಿದು ಕರೆಯುವಂತೆ ಒಬ್ಬ ಹುಡುಗಿಯೂ ಮನಸ್ಸಿನಲ್ಲಿ ಉಳಿಯುವುದಿಲ್ಲ. ಉಳಿಯುವುದು ಒಂದೇ ಮಗು, ತಲೆ ದಪ್ಪಗಾಗಿ ಊದಿಕೊಂಡ, ಬುದ್ಧಿ ಬೆಳೆಯದ ಹುಡುಗಿ. ಅವಳನ್ನು ಮಾಮ್ 'ಅದು' ಎಂದೇ ಬರೆಯುತ್ತಾನೆ. ಮಗುವನ್ನು ನಾವೂ 'ಅದು' ಅನ್ನುತ್ತೇವೆ, ಮುದ್ದಿನಿಂದ, ಮಾಮ್‌ನದು ಅಂಥದ್ದಲ್ಲ. ಅವಳು ಕಿಟ್ಟಿಯ ಸೆರಗು ಹಿಡಿದವಳಂತೆ ಹಿಂದೆ ಹಿಂದೆಯೇ ತಿರುಗುತ್ತಾಳೆ, ಕಿಟ್ಟಿಗೆ ಹೇಸಿಗೆ. ಕಡೆಗೊಂದು ದಿನ ಕಿಟ್ಟಿ ಮನಸ್ಸು ಗಟ್ಟಿಮಾಡಿ ಆ ಹಣೆಯನ್ನು ನೇವರಿಸುತ್ತಾಳೆ. ಅಲ್ಲಿಂದಾಚೆ ಆ ಹುಡುಗಿ ಅವಳ ಹತ್ತಿರ ಬರುವುದಿಲ್ಲ. ನಕ್ಕು ಕರೆದರೂ, ಕೈಬೀಸಿದರೂ ಮುಖ ತಿರುಗಿಸಿ ಕಾಣದವಳಂತೆ ಇದ್ದುಬಿಡುತ್ತಾಳೆ. ಯಾಕೆಂದು ಕಿಟ್ಟಿಗೆ ತಿಳಿಯುವುದಿಲ್ಲ, ಮಾಮ್ ಕೂಡ ಹೇಳುವುದಿಲ್ಲ.