ಪಚ್ಚಬಾಳೆ ಹಸಿರಾಗಿದ್ದರೇ ಚೆನ್ನ

ತಳ್ಳುಗಾಡಿಯ ಮುಂದೆ ನಿಂತು ‘ಇದಿನ್ನೂ ಕಾಯಿ, ಹಣ್ಣಾಗಿರೋದು ಕೊಡಿ’ ಎಂದು ಹಸಿರು ಪಚ್ಚಬಾಳೆಯ ಚಿಪ್ಪನ್ನು ಬದಿಗೆ ಸರಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅವರು ಬಿಟ್ಟುಹೋದ ಆ ಚಿಪ್ಪನ್ನೇ ನಾನು ಕೊಳ್ಳುತ್ತೇನೆ. ಬಾಳೆಹಣ್ಣನ್ನು ಸಿಪ್ಪೆಯ ಬಣ್ಣ ನೋಡಿ ಅಳೆಯುವ ರೂಢಿ ನಮ್ಮನ್ನು ಎಷ್ಟೋ ತಪ್ಪು ನಂಬಿಕೆಗಳಿಗೆ ಕಟ್ಟಿಹಾಕಿದೆ.

ಪಚ್ಚಬಾಳೆ ಕ್ಯಾವೆಂಡಿಶ್ ಗುಂಪಿಗೆ ಸೇರಿದ್ದು. ಸುತ್ತಲಿನ ಶಾಖ ಸುಮಾರು 24 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಈ ಗುಂಪಿನ ಬಾಳೆಯ ಸಿಪ್ಪೆಯಲ್ಲಿರುವ ಪತ್ರಹರಿತ್ತು ಪೂರ್ತಿ ಅಳಿಯುವುದಿಲ್ಲ. ಒಳಗಿನ ತಿರುಳು ಮಾತ್ರ ತನ್ನ ಪಾಡಿಗೆ ಹಣ್ಣಾಗುತ್ತದೆ, ಪಿಷ್ಟ ಸಕ್ಕರೆಯಾಗುತ್ತದೆ. ಬೇಸಿಗೆಯಲ್ಲಿ ಮನೆಯ ಮೂಲೆಗೆ ಒರಗಿಸಿಟ್ಟ ಗೊನೆ ಹಸಿರಾಗಿಯೇ ಮಾಗುವುದು ಇದಕ್ಕೇ. ಇದನ್ನು ಕೈಯಿಂದ ಆರಿಸಬೇಕು. ಏಣುಗಳೆಲ್ಲ ಅಳಿಸಿ ಮೈ ದುಂಡಗಾಗಿರಬೇಕು, ಹೆಬ್ಬೆರಳಿಂದ ಮೆಲ್ಲಗೆ ಒತ್ತಿದರೆ ಸಿಪ್ಪೆ ತುಸು ಒಳಸರಿಯಬೇಕು, ತೊಟ್ಟಿನ ಹತ್ತಿರ ಮೂಗಿಟ್ಟರೆ ಘಮ ಬರಬೇಕು. ಹಸಿರಿನ ನಡುವೆ ಕಂದು ಚುಕ್ಕೆ ಮೂಡಿದ್ದರೆ ಇನ್ನೂ ಒಳ್ಳೆಯದು. ಆ ಹೊತ್ತಿಗೆ ಸುಲಿದ ಹಣ್ಣು ಬಾಯಲ್ಲಿಟ್ಟರೆ ಕರಗುತ್ತದೆ.

ಹಾಗಾದರೆ ಅಂಗಡಿಯಲ್ಲಿ ಒಂದೇ ಸಮ ಹಳದಿಯಾಗಿ ಹೊಳೆಯುವ ಹಣ್ಣು? ಅದು 16ರಿಂದ 18 ಡಿಗ್ರಿಯ ತಂಪು ಕೋಣೆಯಲ್ಲಿ ಎಥಿಲೀನ್ ಅನಿಲ ಹಾಯಿಸಿ ಮಾಗಿಸಿದ್ದು. ‘ಕೆಮಿಕಲ್ ಹಾಕ್ತಾರೆ’ ಎಂದು ಹೆದರುವವರು ಇದೊಂದನ್ನು ತಿಳಿಯಬೇಕು: ಎಥಿಲೀನ್ ಬಾಳೆ ತಾನೇ ಬಿಡುವ ಅನಿಲ. ನಮ್ಮ ಹಿರಿಯರು ಗೊನೆಗೆ ಹೊಗೆ ಹಾಕಿದಾಗಲೂ ಕೆಲಸ ಮಾಡುತ್ತಿದ್ದದ್ದು ಹೊಗೆಯೊಳಗಿನ ಅದೇ ಅನಿಲ. ಆಹಾರ ಸುರಕ್ಷತಾ ಪ್ರಾಧಿಕಾರವೂ ಹತ್ತು ಲಕ್ಷದಲ್ಲಿ 100 ಭಾಗದವರೆಗೆ ಇದಕ್ಕೆ ಅನುಮತಿ ಕೊಟ್ಟಿದೆ. ನಿಷೇಧವಿರುವುದು ಕ್ಯಾಲ್ಸಿಯಂ ಕಾರ್ಬೈಡಿಗೆ. ಅದರಿಂದ ಹೊರಡುವುದು ಅಸಿಟಿಲೀನ್; ಜೊತೆಗೆ ಆರ್ಸೆನಿಕ್, ರಂಜಕದ ಅಂಶಗಳೂ ಸೇರಿರಬಹುದು. ಆ ಭಯ ನ್ಯಾಯವಾದದ್ದೇ. ಆದರೆ ‘ಮೈ ಹಳದಿ, ತೊಟ್ಟು ಹಸಿರು ಇದ್ದರೆ ಕಾರ್ಬೈಡ್’ ಎಂದು ಫೋನಿನಿಂದ ಫೋನಿಗೆ ಹರಿದಾಡುವ ಮಾತನ್ನು ನಂಬಬೇಡಿ. ಸರಿಯಾಗಿ ಎಥಿಲೀನಿನಲ್ಲಿ ಮಾಗಿದ ಹಣ್ಣಿಗೂ ತೊಟ್ಟು, ತುದಿ ಹಸಿರಾಗಿರುವ ಹಂತವೊಂದಿದೆ. ಎಷ್ಟೋ ಕಡೆ ಅದೇ ಹಂತದಲ್ಲಿ ಹಣ್ಣು ಅಂಗಡಿಗೆ ಬರುತ್ತದೆ.

ಗಿಡದಲ್ಲೇ ಹಣ್ಣಾದ ಬಾಳೆ ಎಲ್ಲಕ್ಕಿಂತ ರುಚಿ ಎನ್ನುವವರೂ ಇದ್ದಾರೆ. ಮಾವಿನ ವಿಷಯದಲ್ಲಿ ವಾದಿಸಬಹುದು, ಬಾಳೆಯಲ್ಲಿ ಇದು ನಿಲ್ಲುವುದಿಲ್ಲ. ಗಿಡದಲ್ಲೇ ಬಿಟ್ಟರೆ ಎಷ್ಟೋ ಸಲ ಸಿಪ್ಪೆ ಸೀಳಿ ತಿರುಳು ಹಿಟ್ಟುಹಿಟ್ಟಾಗುತ್ತದೆ. ಬಲಿತ ಗೊನೆ ಕಡಿದು ಮಾಗಿಸುವುದೇ ಸರಿಯಾದ ಕ್ರಮ. ನಮ್ಮ ತೋಟದವರು ಮೊದಲಿಂದಲೂ ಮಾಡಿಕೊಂಡು ಬಂದದ್ದು ಇದನ್ನೇ.

ಬಾಳೆಹಣ್ಣು ತಿಂದರೆ ನೆಗಡಿ ಎನ್ನುವ ಮಾತಿಗೆ ಹೆಚ್ಚು ಹೊತ್ತು ಬೇಡ. ನೆಗಡಿ ತರುವುದು ವೈರಾಣು. ಫ್ರಿಜ್ಜಿನಲ್ಲಿಟ್ಟ ಬಾಳೆ ಕಪ್ಪಾದರೆ ಕೊಳೆಯಿತೆಂದು ಎಸೆಯುವುದೂ ತಪ್ಪು. ಸುಮಾರು 13 ಡಿಗ್ರಿಗಿಂತ ಕೆಳಗಿನ ತಂಪಿಗೆ ಸಿಪ್ಪೆ ಕಂದುತ್ತದೆ, ಆಗಲೇ ಹಣ್ಣಾಗಿದ್ದ ತಿರುಳು ಚೆನ್ನಾಗಿಯೇ ಇರುತ್ತದೆ. ಕಾಯಿಯನ್ನು ಮಾತ್ರ ಒಳಗಿಡಬೇಡಿ, ಆಮೇಲೆ ಅದು ಸರಿಯಾಗಿ ಮಾಗುವುದಿಲ್ಲ. ಪೊಟ್ಯಾಸಿಯಂ ಎಂದೊಡನೆ ಬಾಳೆಯ ಹೆಸರು ಬರುತ್ತದೆ. ಅದರ 100 ಗ್ರಾಮಿನಲ್ಲಿ ಸುಮಾರು 360 ಮಿಲಿಗ್ರಾಂ ಇದೆ, ನಿಜ. ಅಷ್ಟೇ ತೂಕದ ಹಸಿ ಆಲೂಗಡ್ಡೆಯಲ್ಲಿ ಅದಕ್ಕಿಂತ ಜಾಸ್ತಿ. ಬಾಳೆಯನ್ನು ರುಚಿಗಾಗಿ ತಿಂದರೆ ಸಾಕು.

ಏಲಕ್ಕಿ ಬಾಳೆ ಕೊಳ್ಳುವವರೂ ಹೀಗೇ ಮೋಸಹೋಗುತ್ತಾರೆ. ಚಿಪ್ಪಿನಿಂದ ಕಳಚಿ ಬಿದ್ದದ್ದು ಹಾಳಾದದ್ದೆಂದು ಮುಟ್ಟುವುದಿಲ್ಲ. ಪೂರ್ತಿ ಮಾಗಿದ ಏಲಕ್ಕಿಯ ತೊಟ್ಟು ತಾನಾಗಿಯೇ ಸಡಿಲವಾಗುತ್ತದೆ. ವ್ಯಾಪಾರಿ ಬುಟ್ಟಿಯ ಬದಿಗೆ ರಾಶಿ ಹಾಕಿ ಅರ್ಧ ಬೆಲೆಗೆ ಕೊಡುವ ಆ ಬಿಡಿ ಹಣ್ಣುಗಳಲ್ಲಿ ಸಿಪ್ಪೆ ಒಡೆಯದ್ದನ್ನು ಆರಿಸಿ ತನ್ನಿ, ಅಂದೇ ತಿಂದು ಮುಗಿಸಿ.